1966ರ ಸೆಸ್ನಾ 172: ಮಳೆ ಬಂದ್ರೆ ಒಳಗೆಲ್ಲಾ ನೀರು. ಬಾಗಿಲು, ಕಿಟಕಿ ಸೀಲ್ ಬದಲಾಯಿಸೋದು ಹೇಗೆ?

ಸಿಯಾಟಲ್_ಹಕ್ಕಿ:

ಎಲ್ಲರಿಗೂ ನಮಸ್ಕಾರ. ಹಳೇ ವಿಮಾನ ಇಟ್ಟುಕೊಂಡವರು, ಅದರ ಕೆಲಸ ಗೊತ್ತಿರುವವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳ್ತಿದ್ದೇನೆ.

ನಾವು ಮೂವರು ಸ್ನೇಹಿತರು ಸೇರಿ ಒಂದು ಸೆಸ್ನಾ 172 ತೆಗೆದುಕೊಂಡಿದ್ದೇವೆ. 1966ರ ಜಿ ಮಾಡೆಲ್. ಕಾಂಟಿನೆಂಟಲ್ ಓ-300 ಎಂಜಿನ್, ಆರು ಸಿಲಿಂಡರ್, 145 ಅಶ್ವಶಕ್ತಿ. ಎಂಜಿನ್ ಬಗ್ಗೆ ಒಂದು ದೂರೂ ಇಲ್ಲ, ಕೇಳೋಕೇ ಖುಷಿ ಆಗುವಷ್ಟು ನಯವಾಗಿ ಓಡುತ್ತದೆ. ತೊಂದರೆ ಇರೋದು ನೀರಿನದ್ದು.

ನಮ್ಮ ಏರ್‌ಪೋರ್ಟಲ್ಲಿ ಹ್ಯಾಂಗರ್‌ಗೆ ಹೆಸರು ಬರೆಸಿ ಕಾಯ್ತಿದ್ದೇವೆ, ಸದ್ಯಕ್ಕೆ ಸಿಗೋ ಲಕ್ಷಣ ಇಲ್ಲ. ವಿಮಾನ ಬಯಲಲ್ಲೇ ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತದೆ. ಈ ಸಿಯಾಟಲ್ ಕಡೆ ಮಳೆ ಹೇಗೆ ಅಂತ ಗೊತ್ತಲ್ವಾ, ಅಕ್ಟೋಬರ್‌ನಲ್ಲಿ ಹಿಡಿದರೆ ವಸಂತ ಬರೋವರೆಗೂ ಜಿಟಿಜಿಟಿ ಬಿಡೋದೇ ಇಲ್ಲ. ವಾರ ಬಿಟ್ಟು ಹೋಗಿ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಪೈಲಟ್ ಕಾಲಿಡೋ ಜಾಗದಲ್ಲಿ ಕಾರ್ಪೆಟ್ ಒತ್ತಿದರೆ ನೀರು ಜಿನುಗುತ್ತದೆ. ಬಲಗಡೆಯೂ ಒದ್ದೆ, ಆದರೆ ಅಷ್ಟಿಲ್ಲ.

ಎಡ ಬಾಗಿಲಿನ ಸೀಲ್, ಅಂದರೆ ಅಂಚಿನ ಸಂದು ಮುಚ್ಚೋ ಪಟ್ಟಿ, ಬೂದು ಬಣ್ಣದ ಫೋಮ್. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ, ಕೆಳಗೆ ಹಳದಿ ಅಂಟು ಗಟ್ಟಿಯಾಗಿ ಕೂತಿದೆ. ಮೇಲಿನ ಹಿಂಭಾಗದ ಮೂಲೆಯಲ್ಲಿ ಒಂದು ಗೇಣಿನಷ್ಟು ಸೀಲೇ ಇಲ್ಲ, ಒಳಗೆ ಕೂತರೆ ಅಲ್ಲಿಂದ ಬೆಳಕು ಕಾಣಿಸುತ್ತದೆ. ಹಾರುವಾಗ ಅದೇ ಮೂಲೆಯಿಂದ ಶಿಳ್ಳೆ ಹೊಡೆದ ಹಾಗೆ ಸದ್ದು, ಚಳಿಗಾಲದಲ್ಲಿ ಕುತ್ತಿಗೆಗೆ ನೇರ ತಣ್ಣನೆ ಗಾಳಿ. ಬಲ ಬಾಗಿಲಿನ ಕಥೆ ಬೇರೆ. ಹಿಂದಿನವರು ಯಾರೋ ಹಳೇ ಸೀಲ್ ಕೀಳದೆ ಅದರ ಮೇಲೇ ಹೊಸದು ಅಂಟಿಸಿದ್ದಾರೆ. ದಪ್ಪ ಜಾಸ್ತಿಯಾಗಿ ಬಾಗಿಲು ಜೋರಾಗಿ ಎಳೆದು ಹಾಕಿದರೆ ಮಾತ್ರ ಲಾಕ್ ಆಗುತ್ತದೆ.

ಯಾವ ಸೀಲ್ ತರಿಸಲಿ? ಒಬ್ಬರು ಸಿಲಿಕೋನ್ ಅಂತಾರೆ, ಒಬ್ಬರು ನಿಯೋಪ್ರೀನ್ ಫೋಮ್ ಸಾಕು ಅಂತಾರೆ. ಅಂಟು ಯಾವುದು? ಇದನ್ನ ಓನರ್ ಆಗಿ ನಾನೇ ಮಾಡಬಹುದಾ, ಇಲ್ಲ ಮೆಕ್ಯಾನಿಕ್ ಕೈಲೇ ಆಗಬೇಕಾ? ಜೊತೆಗೆ ಪಕ್ಕದ ಕಿಟಕಿಗಳೂ ಹಳದಿಯಾಗಿವೆ, ಸುತ್ತಲಿನ ಸೀಲ್ ಒಣಗಿ ಬಿರುಕು ಬಿಟ್ಟಿದೆ. ಎರಡೂ ಒಟ್ಟಿಗೆ ಮಾಡೋದು ಒಳ್ಳೆಯದಾ?

ವಿಚಿಟಾ_ಮೆಕ್ಯಾನಿಕ್:

ನಮಸ್ಕಾರ. ನಾನು ಎ ಅಂಡ್ ಪಿ, ಅಂದರೆ ಸರ್ಟಿಫಿಕೇಟ್ ಇರೋ ವಿಮಾನ ಮೆಕ್ಯಾನಿಕ್, ತಪಾಸಣೆ ಮಾಡೋ ಅಧಿಕಾರ (ಐಎ) ಕೂಡ ಇದೆ. ಸೆಸ್ನಾ ಹುಟ್ಟಿದ ಊರಲ್ಲೇ ಕೆಲಸ, ಹಾಗಾಗಿ ದಿನಾ ನೋಡೋದು ಇವನ್ನೇ.

ಮೊದಲ ಮಾತು, ಇವತ್ತೇ ಸೀಲ್ ಆರ್ಡರ್ ಮಾಡಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ಗೊತ್ತಾಗಲಿ. ಹಳೇ 172ಗಳಲ್ಲಿ ಕಾಲಡಿ ಒದ್ದೆ ಅಂದ ಕೂಡಲೇ ಎಲ್ಲರೂ ಬಾಗಿಲನ್ನೇ ಬೈತಾರೆ. ಆದರೆ ರೆಕ್ಕೆ ಮತ್ತು ಕ್ಯಾಬಿನ್ ಸೇರುವ ಜಾಗ, ವಿಂಡ್‌ಶೀಲ್ಡಿನ ಮೇಲಿನ ಎರಡು ಮೂಲೆಯಲ್ಲಿ ಎಳೆದು ತೆಗೆಯೋ ಗಾಳಿ ಕೊಳವೆ ಇದೆಯಲ್ಲ ಅದು, ವಿಂಡ್‌ಶೀಲ್ಡಿನ ಅಂಚು, ಚಾವಣಿ ಮೇಲಿನ ಆಂಟೆನಾ ಬುಡ, ಇವೆಲ್ಲಾ ಸೋರುತ್ತವೆ. ರೆಕ್ಕೆ ಬುಡದಲ್ಲಿ ಇಳಿದ ನೀರು ಒಳಗಿನ ಬಟ್ಟೆಯ ಹಿಂದೆ, ಬಾಗಿಲಿನ ಮುಂದಿನ ಕಂಬದ ಗುಂಟ ಸದ್ದಿಲ್ಲದೆ ಕೆಳಗೆ ಬಂದು ಕಾರ್ಪೆಟ್ಟಲ್ಲಿ ಕಾಣಿಸಿಕೊಳ್ಳುತ್ತದೆ. ನೋಡಿದವರಿಗೆ ಬಾಗಿಲೇ ಸೋರಿದ ಹಾಗೆ ಕಾಣುತ್ತದೆ. ಹೊಸ ಸೀಲ್ ಹಾಕಿ, ಮುಂದಿನ ಮಳೆಗೆ ಮತ್ತೆ ಒದ್ದೆ ಆಯ್ತು ಅಂತ ಬರೋರು ಬೇಕಾದಷ್ಟು ಜನ ಇದ್ದಾರೆ.

ಪೈಪ್ ಹಿಡಿದು ಪರೀಕ್ಷೆ ಮಾಡಿ. ಕಾರ್ಪೆಟ್ ತೆಗೆದು, ಕಾಲಿನ ಪಕ್ಕದ ಪ್ಯಾನೆಲ್ ಬಿಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಗಾರ್ಡನ್ ಪೈಪಿಂದ ನಿಧಾನ ನೀರು ಬಿಡಲಿ, ಪ್ರೆಶರ್ ಬೇಡ. ಕೆಳಗಿಂದ ಶುರು ಮಾಡಿ. ಬಾಗಿಲಿನ ಕೆಳ ಅಂಚು, ಆಮೇಲೆ ಪಕ್ಕ, ಆಮೇಲೆ ಮೇಲಂಚು, ಕಡೆಗೆ ವಿಂಡ್‌ಶೀಲ್ಡ್, ರೆಕ್ಕೆ ಬುಡ. ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿಯುತ್ತದೆ, ಯಾವ ತೂತಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ.

ಬಾಗಿಲೇ ಕಾರಣ ಅಂತ ಖಾತ್ರಿ ಆದ ಮೇಲೂ ಸೀಲ್‌ಗೆ ಕೈ ಹಾಕೋ ಮೊದಲು ಬಾಗಿಲು ಕೂರೋ ರೀತಿ ನೋಡಿ. ಬಾಗಿಲು ತೆರೆದು, ಹಿಂದಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಟಲೊಟ ಅಂದರೆ ಹಿಂಜ್ ಪಿನ್ ಸವೆದಿದೆ ಅಂತ ಅರ್ಥ. ಇಷ್ಟು ವರ್ಷ ಆದ ವಿಮಾನದಲ್ಲಿ ಸವೆಯದೆ ಇದ್ದರೆ ಆಶ್ಚರ್ಯ. ಬಾಗಿಲು ಹಿಂದಕ್ಕೆ ಜೋತು ಬಿದ್ದಿದ್ದರೆ ನೀವು ಹೇಳಿದ ಮೇಲಿನ ಹಿಂದಿನ ಮೂಲೆಯಲ್ಲೇ ಸಂದು ಬೀಳೋದು. ಅದನ್ನು ಸರಿಮಾಡದೆ ಎಂಥಾ ಸೀಲ್ ಹಾಕಿದರೂ ಪ್ರಯೋಜನ ಇಲ್ಲ.

ಆಮೇಲೆ ಹಳೇ ಸೀಲ್ ಪೂರ್ತಿ ಕಿತ್ತು, ಬರೀ ಬಾಗಿಲು ಮುಚ್ಚಿ ನೋಡಿ. ಒಂದು ಬೆರಳಲ್ಲಿ ತಳ್ಳಿದರೆ ಕೂರಬೇಕು, ಹಿಡಿ ತಿರುಗಿಸಿದರೆ ಸಲೀಸಾಗಿ ಲಾಕ್ ಆಗಬೇಕು, ಹೊರಗಿಂದ ನೋಡಿದರೆ ಸುತ್ತಲೂ ಮೈಗೆ ಮೈ ಸಮ ಇರಬೇಕು. ಈಗ ಉಳಿದಿರೋ ಸಂದು ಎಷ್ಟಿದೆ ಅಂತ ನೋಡಿಕೊಂಡು ಸೀಲ್ ಆರಿಸಿ. ಹೆಚ್ಚಿನವರು ಎಡವೋದು ಇಲ್ಲೇ. ದಪ್ಪ ಇದ್ದಷ್ಟೂ ಚೆನ್ನಾಗಿ ಮುಚ್ಚುತ್ತೆ ಅನ್ನೋ ನಂಬಿಕೆ. ಸೆಸ್ನಾ ಬಾಗಿಲು ತೆಳ್ಳನೆ ತಗಡು. ಅದು ಗಟ್ಟಿಯಾಗಿ ಹಿಡಿದಿರೋದು ಮುಂದೆ ಎರಡು ಹಿಂಜ್, ಹಿಂದೆ ಒಂದು ಲಾಕ್, ಅಷ್ಟೇ. ದಪ್ಪ, ಗಡಸು ಸೀಲ್ ಹಾಕಿದರೆ ಲಾಕ್ ಇರೋ ಕಡೆ ಒತ್ತಿ ಕೂರುತ್ತದೆ, ಲಾಕ್ ಇಲ್ಲದ ಮೇಲಂಚು, ಕೆಳ ಮೂಲೆ ಹೊರಗೆ ಬಾಗುತ್ತವೆ. ಹಾರುವಾಗ ಇನ್ನೂ ಒಂದು ತೊಂದರೆ. ಬಾಗಿಲಿನ ಮೇಲ್ಭಾಗದ ಹೊರಗಡೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಬಾಗಿಲನ್ನು ಹೊರಕ್ಕೆ ಎಳೆಯುತ್ತದೆ. ನೆಲದ ಮೇಲೆ ಚೆನ್ನಾಗಿ ಮುಚ್ಚಿದ ಬಾಗಿಲು ಮೇಲೆ ಹೋದ ಮೇಲೆ ಶಿಳ್ಳೆ ಹೊಡೆಯೋದು ಅದಕ್ಕೇ. ಹಾಗಾಗಿ ಬೇಕಾಗಿರೋದು ಮೆತ್ತಗಿರೋ, ಒಳಗೆ ಟೊಳ್ಳಿರೋ ಸೀಲ್. ಸ್ವಲ್ಪ ಒತ್ತಿದರೆ ಕುಗ್ಗಬೇಕು, ಬಾಗಿಲು ಅರ್ಧ ಸೂತು ಹೊರಗೆ ಹೋದರೆ ಹಿಂದೆಯೇ ಉಬ್ಬಿ ಬರಬೇಕು.

ಸಿಲಿಕೋನ್ ಸೀಲ್ ಈ ಕೆಲಸಕ್ಕೆ ತುಂಬಾ ಚೆನ್ನಾಗಿದೆ. ಚಳಿಗೆ ಗಡಸಾಗಲ್ಲ, ಬಿಸಿಲಿಗೆ ಪುಡಿಯಾಗಲ್ಲ. ಒಂದೇ ಕಿರಿಕಿರಿ ಅಂದರೆ ಅದಕ್ಕೆ ಮಾಮೂಲಿ ಅಂಟು ಹಿಡಿಯಲ್ಲ, ಸೀಲ್ ಮಾಡಿದವರು ಹೇಳಿದ ಅಂಟನ್ನೇ ಹಾಕಬೇಕು. ನಿಯೋಪ್ರೀನ್ ಫೋಮ್ ಅಗ್ಗ, ಅಂಟಿಸೋದು ಸುಲಭ, ಆದರೆ ಬಯಲಲ್ಲಿ ನಿಲ್ಲೋ ವಿಮಾನದಲ್ಲಿ ಬಾಳಿಕೆ ಕಮ್ಮಿ. ನಿಮ್ಮ ಪರಿಸ್ಥಿತಿಗೆ ನಾನು ಸಿಲಿಕೋನ್ ಅಂತೀನಿ. 172ಗೇ ಅಂತ ಪಿಎಂಎ (ಬಿಡಿಭಾಗ ತಯಾರಿಸೋಕೆ ಸರ್ಕಾರ ಕೊಡೋ) ಅನುಮೋದನೆ ಇರುವ ಸೀಲ್ ಸಿಗುತ್ತದೆ, ಅದನ್ನೇ ತಗೊಳ್ಳಿ, ಕಾಗದ ಪತ್ರ ಕೇಳಿದಾಗ ತಲೆಬಿಸಿ ಇರಲ್ಲ.

ಅಂಟು ತೆಗೆಯೋದು ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯೋ ಭಾಗ. ಸ್ಟೀಲ್ ಬ್ಲೇಡ್ ಬೇಡ, ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಅಲ್ಯುಮಿನಿಯಂ ಹಾಳೆಯ ಮೇಲಿರೋ ಶುದ್ಧ ಅಲ್ಯುಮಿನಿಯಂ ಪದರ ತುಂಬಾ ತೆಳು, ಅದಕ್ಕೆ ಗೀರು ಬಿದ್ದರೆ ತುಕ್ಕಿಗೆ ದಾರಿ ಮಾಡಿಕೊಟ್ಟ ಹಾಗೆ. ಎಂಇಕೆ ಅನ್ನೋ ದ್ರಾವಕ ಬಟ್ಟೆಗೆ ಹಾಕಿ ಒರೆಸಿದರೆ ಅಂಟು ಬಿಡುತ್ತದೆ, ಜೊತೆಗೆ ಪೇಂಟೂ ಬಿಡುತ್ತದೆ, ಜೋಪಾನ. ಗ್ಲೌಸ್ ಹಾಕಿ, ಗಾಳಿ ಆಡೋ ಕಡೆ ಮಾಡಿ. ಮತ್ತೆ ಇದನ್ನ ದಯವಿಟ್ಟು ಮರೀಬೇಡಿ: ಎಂಇಕೆ, ಅಸಿಟೋನ್, ಥಿನ್ನರ್, ಇವುಗಳ ಒಂದು ಹನಿಯೂ ಕಿಟಕಿಗೆ ತಾಗಬಾರದು. ಅಕ್ರಿಲಿಕ್ ಒಳಗೇ ಸಣ್ಣ ಸಣ್ಣ ಬಿರುಕು ಬಿಟ್ಟು ಮಂಜಾಗುತ್ತದೆ, ಆಮೇಲೆ ಪಾಲಿಶ್ ಹಾಕಿದರೂ ಹೋಗಲ್ಲ. ಕೆಲಸ ಶುರು ಮಾಡೋ ಮೊದಲೇ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಮನೆಯ ಗಾಜು ಒರೆಸೋ ಅಮೋನಿಯಾ ಸ್ಪ್ರೇ ಕೂಡ ಬೇಡ.

ಹೊಸ ಸೀಲ್ ಅಂಟಿಸುವಾಗ ಜೋಡಣೆ ಕೆಳ ಅಂಚಿನಲ್ಲಿ ಬರೋ ಹಾಗೆ ನೋಡಿಕೊಳ್ಳಿ, ಮೇಲೆ ಅಲ್ಲ. ಮೂಲೆಗಳಲ್ಲಿ ಎಳೆದು ಅಂಟಿಸಬೇಡಿ. ಎಳೆದ ರಬ್ಬರ್ ದಿನ ಕಳೆದ ಹಾಗೆ ಹಿಂದಕ್ಕೆ ಹೋಗುತ್ತದೆ, ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ಒಳಕ್ಕೆ ತಳ್ಳಿದ ಹಾಗೆ, ಸಡಿಲವಾಗಿ ತಿರುಗಿಸಿ. ಬಾಗಿಲಿನ ಕೆಳಗೆ ನೀರು ಹೋಗೋ ತೂತು ಇರುತ್ತದೆ, ಅದನ್ನ ಸೀಲ್ ಆಗಲಿ ಅಂಟಾಗಲಿ ಮುಚ್ಚಬಾರದು. ಅಂಟು ಪೂರ್ತಿ ಒಣಗೋವರೆಗೂ ಬಾಗಿಲು ಒತ್ತಿ ಮುಚ್ಚಬೇಡಿ.

ಆದ ಮೇಲೆ ಕಾಗದದ ಪರೀಕ್ಷೆ. ಒಂದು ಡಾಲರ್ ನೋಟು ಸೀಲ್ ಮೇಲೆ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಸುತ್ತಲೂ ಒಂದೇ ಸಮ ಹಿಡಿತ ಇರಬೇಕು. ಒಂದು ಕಡೆ ಸರಕ್ಕನೆ ಬಂದರೆ ಅಲ್ಲಿ ಸಂದು ಇದೆ, ಒಂದು ಕಡೆ ಹರಿದು ಬರೋ ಹಾಗಿದ್ದರೆ ಅಲ್ಲಿ ಒತ್ತಡ ಜಾಸ್ತಿ.

ಬಲ ಬಾಗಿಲನ್ನ ಈಗಿರೋ ಹಾಗೆ ಬಿಡಬೇಡಿ. ಎಳೆದು ಹಾಕಿ ಹಾಕಿ ಹಿಂಜ್ ಸುತ್ತಲಿನ ತಗಡು ಬಿರುಕು ಬಿಡುತ್ತದೆ.

ಕುಡ್ಲದ_ವಿಮಾನ_ಪ್ರಿಯ:

ನಾನು ಪೈಲಟ್ ಅಲ್ಲ, ಆಸಕ್ತಿ ಇದೆ ಅಷ್ಟೆ. ಒಂದು ಪ್ರಶ್ನೆ ಮಾರಾಯ್ರೆ. ನಮ್ಮ ಮಂಗಳೂರು ಮಳೆಗೆ ಕಾರಿನ ಬಾಗಿಲಿಗೆ ಡಿ ಆಕಾರದ ರಬ್ಬರ್ ಬೀಡಿಂಗ್ ಹಾಕ್ತೇವೆ, ಮೀಟರ್ ಲೆಕ್ಕದಲ್ಲಿ ಅಂಗಡಿಯಲ್ಲಿ ಸಿಗ್ತದೆ, ವರ್ಷಗಟ್ಟಲೆ ಬರ್ತದೆ. ಸಣ್ಣ ಸಂದು ಇದ್ದರೆ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಟ್ಯೂಬ್ ಇದೆ. ಪ್ರೆಶರ್ ಇಲ್ಲದ ಸಣ್ಣ ವಿಮಾನಕ್ಕೆ ಅದೇ ಸಾಕಾಗುದಿಲ್ವಾ?

ವಿಚಿಟಾ_ಮೆಕ್ಯಾನಿಕ್:

ಒಳ್ಳೆ ಪ್ರಶ್ನೆ, ಇಲ್ಲಿನ ಓನರ್‌ಗಳೂ ಇದನ್ನೇ ಕೇಳ್ತಾರೆ.

ಬಾತ್‌ರೂಮ್ ಸಿಲಿಕೋನ್ ಟ್ಯೂಬ್ ತೆರೆದಾಗ ವಿನಿಗರ್ ಥರ ಹುಳಿ ವಾಸನೆ ಬರುತ್ತಲ್ವಾ, ಅದು ಅಸಿಟಿಕ್ ಆಸಿಡ್. ಒಣಗುವಾಗ ಹೊರಗೆ ಬರುತ್ತದೆ, ಕೆಳಗಿರೋ ಅಲ್ಯುಮಿನಿಯಂ ತಿನ್ನುತ್ತದೆ. ಮೇಲೆ ರಬ್ಬರ್ ಮುಚ್ಚಿರೋದರಿಂದ ಕಾಣಿಸೋದೂ ಇಲ್ಲ. ಅದು ಒಮ್ಮೆ ತಾಗಿದ ಜಾಗಕ್ಕೆ ಆಮೇಲೆ ಪೇಂಟ್ ಕೂಡ ಹಿಡಿಯಲ್ಲ. ಹುಳಿ ವಾಸನೆ ಇಲ್ಲದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಬೇರೆ, ಅದರಿಂದ ಲೋಹಕ್ಕೆ ತೊಂದರೆ ಇಲ್ಲ.

ಕಾರಿನ ಬೀಡಿಂಗ್ ವಿಷಯಕ್ಕೆ ಎರಡು ತೊಡಕು. ಒಂದು, ಅದು ಕಾರಿನ ಬಾಗಿಲಿಗೆ ಮಾಡಿದ್ದು. ಕಾರಿನ ಬಾಗಿಲು ಭಾರ, ಲಾಕ್ ಗಟ್ಟಿ, ಎಂಥಾ ಗಡಸು ರಬ್ಬರನ್ನೂ ಒತ್ತಿ ಹಿಡಿಯುತ್ತದೆ. ಸೆಸ್ನಾ ಬಾಗಿಲು ಹಿಡಿಯಲ್ಲ, ಬಾಗುತ್ತದೆ. ಎರಡು, ಬೆಂಕಿ. ಕ್ಯಾಬಿನ್ ಒಳಗೆ ಹಾಕೋ ವಸ್ತು ಬೆಂಕಿ ಹಿಡಿದರೆ ಹೇಗೆ ವರ್ತಿಸುತ್ತದೆ ಅನ್ನೋದಕ್ಕೆ ನಿಯಮ ಇದೆ. 172 ಸಿಎಆರ್ 3 ಅನ್ನೋ ಹಳೇ ನಿಯಮದಡಿ ಸರ್ಟಿಫೈ ಆದ ವಿಮಾನ, ಆಗಲೂ ಇತ್ತು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಟ್ಟ ರಬ್ಬರ್‌ಗೆ ಆ ಪುರಾವೆ ಯಾರೂ ಕೊಡಲ್ಲ.

ಓನರ್ ಮಾಡಬಹುದಾ ಅನ್ನೋದಕ್ಕೆ ಉತ್ತರ ಕೊಡೋದು ಬಿಟ್ಟಿದ್ದೆ. ಅಮೆರಿಕದಲ್ಲಿ ವಿಮಾನಯಾನ ಇಲಾಖೆ ಎಫ್‌ಎಎ ನಿಯಮಗಳ ಪಾರ್ಟ್ 43ರ ಅಪೆಂಡಿಕ್ಸ್ ಎ ಒಳಗೆ ಒಂದು ಪಟ್ಟಿ ಇದೆ. ಪೈಲಟ್ ಸರ್ಟಿಫಿಕೇಟ್ ಇರುವ ಓನರ್ ತಾನೇ ಮಾಡಬಹುದಾದ ಕೆಲಸಗಳು ಅದರಲ್ಲಿ ಇವೆ. ಕ್ಯಾಬಿನ್ ಒಳಗಿನ ಹೊದಿಕೆ ರಿಪೇರಿ ಇದೆ, ಸ್ಟ್ರಕ್ಚರ್‌ಗಾಗಲಿ ಕಂಟ್ರೋಲ್‌ಗಾಗಲಿ ಅಡ್ಡಿ ಬರದಿದ್ದರೆ ಪಕ್ಕದ ಕಿಟಕಿ ಬದಲಾಯಿಸೋದೂ ಇದೆ. ಬಾಗಿಲಿನ ಸೀಲ್ ಅಂತ ಹೆಸರು ಹಿಡಿದು ಬರೆದಿಲ್ಲ. ಹೆಚ್ಚಿನ ಮೆಕ್ಯಾನಿಕ್‌ಗಳು ತಕರಾರು ಮಾಡಲ್ಲ, ಆದರೂ ನಿಮ್ಮ ವಿಮಾನ ನೋಡಿಕೊಳ್ಳೋರನ್ನ ಮೊದಲೇ ಒಂದು ಮಾತು ಕೇಳಿ. ಅವರ ಉಸ್ತುವಾರಿಯಲ್ಲಿ ನೀವು ಮಾಡಿ ಅವರು ಸಹಿ ಹಾಕೋದು ಎಲ್ಲಕ್ಕಿಂತ ನೆಮ್ಮದಿ. ಯಾರೇ ಮಾಡಲಿ, ಲಾಗ್‌ಬುಕ್‌ನಲ್ಲಿ ಬರೆಯಲೇಬೇಕು: ಏನು ಕೆಲಸ, ತಾರೀಖು, ಸಹಿ, ಸರ್ಟಿಫಿಕೇಟ್ ನಂಬರ್ ಮತ್ತು ಅದು ಯಾವ ಬಗೆಯದ್ದು. ಹಿಂಜ್ ಪಿನ್, ಲಾಕ್ ಹೊಂದಾಣಿಕೆ ಮಾತ್ರ ಮೆಕ್ಯಾನಿಕ್‌ಗೇ ಬಿಡಿ.

1963 ರಿಂದ 1968 ರವರೆಗಿನ 100 ಸರಣಿಯ ಸರ್ವಿಸ್ ಮ್ಯಾನುಯಲ್ ನಿಮ್ಮ ಹತ್ತಿರ ಇಲ್ಲದಿದ್ದರೆ ಸೀಲ್‌ಗಿಂತ ಮೊದಲು ಅದನ್ನ ತಗೊಳ್ಳಿ.

ಜಕ್ಕೂರು_ಹಳೇ_ಎಎಂಇ:

ಮಗು, ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು. ನಾನು ಬೆಂಗಳೂರಲ್ಲಿ ಫ್ಲೈಯಿಂಗ್ ಕ್ಲಬ್ ವಿಮಾನಗಳ ಮೇಲೆ ಕೆಲಸ ಮಾಡಿ ನಿವೃತ್ತಿ ಆದವನು. ಜಕ್ಕೂರಿನ ಶಾಲೆ 1948ರಿಂದ ಇದೆ, ಅಲ್ಲಿ ಓಡಾಡಿದವರಿಗೆಲ್ಲಾ ಎಚ್‌ಎಎಲ್ ಪುಷ್ಪಕ್ ಗೊತ್ತಿರುತ್ತದೆ. 1958ರಲ್ಲಿ ಮೊದಲು ಹಾರಿದ್ದು, ಎಚ್‌ಎಎಲ್ ವಿನ್ಯಾಸಕಾರ ಘಾಟಗೆ ಅವರ ಕಾಲದ ವಿನ್ಯಾಸ, ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಕಾಂಟಿನೆಂಟಲ್. ಈ ದೇಶದ ಎಷ್ಟೋ ಪೈಲಟ್‌ಗಳು ಮೊದಲು ಕಲಿತಿದ್ದು ಅದರಲ್ಲೇ.

ಅದು ನಿಮ್ಮ ಸೆಸ್ನಾ ಥರ ಪೂರ್ತಿ ತಗಡಿನ ವಿಮಾನ ಅಲ್ಲ. ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ. ಆದರೆ ನೀರಿನ ಬುದ್ಧಿ ಎರಡರಲ್ಲೂ ಒಂದೇ. ಬಂದದ್ದು ಎಲ್ಲಿಂದಲೇ ಇರಲಿ, ಹೋಗಿ ನಿಲ್ಲೋದು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ. ಬಾಲದ ಚಕ್ರದ ಮೇಲೆ ನಿಲ್ಲೋ ವಿಮಾನದಲ್ಲಿ ಕ್ಯಾಬಿನ್‌ಗೆ ಬಿದ್ದ ನೀರು ಬಟ್ಟೆಯ ಒಳಗೇ ಹರಿದು ಬಾಲದ ಹತ್ತಿರದ ಕೆಳ ಕೊಳವೆಯಲ್ಲಿ ಕೂರುತ್ತದೆ. ಹೊರಗೆ ಪೇಂಟ್ ಥಳಥಳ ಅಂತಿರುತ್ತದೆ, ದಬ್ಬಳ ಇಟ್ಟು ಒತ್ತಿದರೆ ಕೊಳವೆ ಒಳಗೆ ಹೋಗುತ್ತದೆ. ಬಾಗಿಲು ಸೋರಿದ್ದು ಮುಂದೆ, ವಿಮಾನ ಕೆಟ್ಟದ್ದು ಹಿಂದೆ.

ಹಾಗಾಗಿ ನಾನು ಹೇಳೋದು, ಸೀಲ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಇಷ್ಟು ದಿನ ಒಳಗೆ ಬಂದ ನೀರು ಏನು ಮಾಡಿದೆ ಅಂತ ನೋಡಬೇಕು. ಕಾರ್ಪೆಟ್ ಪೂರ್ತಿ ಎತ್ತಿ. ಕೆಳಗೆ, ಪಕ್ಕದ ತಗಡಿಗೆ ಅಂಟಿಸಿದ ಫೈಬರ್‌ಗ್ಲಾಸ್ ಹಾಸು ಇರುತ್ತದೆ, ಶಬ್ದ ಮತ್ತು ಚಳಿ ತಡೆಯೋಕೆ. ಅದು ನೆನೆದರೆ ಒದ್ದೆ ಗೋಣಿಚೀಲ ಲೋಹಕ್ಕೆ ಸುತ್ತಿ ಇಟ್ಟ ಹಾಗೆ, ತಿಂಗಳುಗಟ್ಟಲೆ ಒಣಗಲ್ಲ. ತೆಗೆದು ಬಿಸಾಕಿ, ಹಿಂಡಿ ಒಣಗಿಸಿ ಮತ್ತೆ ಹಾಕಬೇಡಿ. ಕೆಳಗಿನ ತಗಡಿನಲ್ಲಿ ಬಿಳಿ ಪುಡಿ ಕಂಡರೆ ಅದೇ ಅಲ್ಯುಮಿನಿಯಂ ತುಕ್ಕು. ಮೇಲ್ಮೈಯಲ್ಲಿ ಮಾತ್ರ ಇದ್ದರೆ ನೈಲಾನ್ ಪ್ಯಾಡಿನಲ್ಲಿ ತೆಗೆದು, ತೊಳೆದು, ಎಪಾಕ್ಸಿ ಪ್ರೈಮರ್ ಹೊಡೆಯಬಹುದು. ಸ್ಟೀಲ್ ವೂಲ್ ಮಾತ್ರ ಮುಟ್ಟಬೇಡಿ, ಅದರ ಚೂರು ಅಲ್ಯುಮಿನಿಯಂ ಒಳಗೆ ಕೂತು ತುಕ್ಕು ಜಾಸ್ತಿ ಮಾಡುತ್ತದೆ. ಲೋಹ ಪದರ ಪದರವಾಗಿ ಎದ್ದಿದ್ದರೆ ಕೈ ತೆಗೆದು ಮೆಕ್ಯಾನಿಕ್‌ನ ಕರೀರಿ. ಹೊಟ್ಟೆಯ ಕೆಳಗೆ ನೀರು ಹೋಗೋ ಸಣ್ಣ ತೂತುಗಳಿವೆ, ಕಾರ್ಪೆಟ್ಟಿನ ನೂಲು, ಮಣ್ಣು ಸೇರಿ ಮುಚ್ಚಿಹೋಗಿರುತ್ತವೆ. ಒಂದೊಂದಕ್ಕೂ ತಂತಿ ಹಾಕಿ ಬಿಡಿಸಿ.

ನಮ್ಮಲ್ಲಿ ಓನರ್ ತಾನೇ ಮಾಡಿ ತಾನೇ ಸಹಿ ಹಾಕೋ ಅಭ್ಯಾಸ ಇರಲಿಲ್ಲ. ಸಣ್ಣ ಕೆಲಸಕ್ಕೂ ಲೈಸೆನ್ಸ್ ಇರೋ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ಸಹಿ. ಆದರೆ ಕೈಯಾರೆ ಕೆಲಸ ಮಾಡುವ ಓನರ್‌ಗೆ ತನ್ನ ವಿಮಾನ ಗೊತ್ತಿರೋ ಥರ ಬೇರೆಯವರಿಗೆ ಗೊತ್ತಿರಲ್ಲ. ಮಾಡಿ, ಕೇಳಿಕೊಂಡು ಮಾಡಿ.

ಇನ್ನೊಂದು. ಮಳೆಗೆ ಅಂತ ಮೇಲೆ ಕವರ್ ಹಾಕೋದಾದರೆ ಒಳಮೈ ಶುಭ್ರ ಇರಲಿ. ಕವರ್ ಒಳಗೆ ಧೂಳು ಸೇರಿ ಗಾಳಿಗೆ ಉಜ್ಜಿದರೆ ವಿಂಡ್‌ಶೀಲ್ಡ್ ತುಂಬಾ ಗೀರು.

ಟೆಕ್ಸಾಸ್_ಚೆರೋಕಿ:

ನನ್ನದು ಪೈಪರ್, 1969ರ ಚೆರೋಕಿ 140. ಬಲಗಡೆ ಒಂದೇ ಬಾಗಿಲು, ಪಕ್ಕದಲ್ಲೊಂದು ಲಾಕ್, ಮೇಲೊಂದು ಲಾಕ್. ನಮ್ಮಲ್ಲಿ ಮಳೆಗಿಂತ ಬಿಸಿಲಿನ ಕಾಟ ಜಾಸ್ತಿ, ರಬ್ಬರ್ ಗಟ್ಟಿಯಾಗಿ ಪೇಂಟ್‌ಗೆ ಅಂಟಿಕೊಳ್ಳುತ್ತದೆ, ಬಾಗಿಲು ತೆಗೆದರೆ ಚೂರು ಚೂರೇ ಕಿತ್ತು ಬರುತ್ತದೆ. ಹೊಸ ಸೀಲ್ ಹಾಕಿದ ಮೇಲೆ ಆಗಾಗ ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಅಂಟಲ್ಲ. ಸವರಿ ಮುಚ್ಚಿ ತೆಗೆದರೆ ಪೌಡರ್ ಗುರುತು ಎಲ್ಲಿ ಮೂಡಿದೆ, ಎಲ್ಲಿ ಇಲ್ಲ ಅಂತ ನೋಡಿ ಸಂದು ಕೂಡ ಕಂಡುಹಿಡಿಯಬಹುದು. ನಂಗೆ ಡಾಲರ್ ನೋಟಿಗಿಂತ ಇದೇ ಇಷ್ಟ, ಇಡೀ ಬಾಗಿಲು ಒಂದೇ ಸಲಕ್ಕೆ ಕಾಣುತ್ತದೆ.

ಇಲ್ಲಿ ಯಾರೂ ಇನ್ನೂ ಹೇಳದ ವಿಷಯ ಒಂದಿದೆ, ಎಂಜಿನ್ ಹೊಗೆಯಲ್ಲಿರೋ ವಿಷಾನಿಲ ಕಾರ್ಬನ್ ಮೊನಾಕ್ಸೈಡ್. ಎಲ್ಲರೂ ನೀರು, ಚಳಿ, ಸದ್ದು ಅಂತಲೇ ಮಾತಾಡ್ತಿದ್ದೀರಿ. ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ ಹೊರಗಿಗಿಂತ ಚೂರು ಕಡಿಮೆ ಆಗೋದು ಉಂಟು. ಎಕ್ಸಾಸ್ಟ್ ಕೊಳವೆ ಮುಂದೆ ಹೊಟ್ಟೆಯ ಕೆಳಗೆ ಇರುತ್ತದೆ, ಆ ಹೊಗೆ ಮೈಗೆ ಅಂಟಿಕೊಂಡೇ ಹಿಂದಕ್ಕೆ ಹೋಗುತ್ತದೆ. ಬಾಗಿಲಿನ ಕೆಳ ಅಂಚಲ್ಲಿ ಸಂದು ಇದ್ದರೆ ಒಳಗೆ ಎಳೆದುಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು ಅಂತ ಶುರುವಾಗುವ ಹೊತ್ತಿಗೆ ಯೋಚಿಸೋ ಶಕ್ತಿಯೇ ಕಮ್ಮಿ ಆಗಿರುತ್ತದೆ. ಹಳೇ ಸಿಎಆರ್ 3 ನಿಯಮದಲ್ಲೇ ಕ್ಯಾಬಿನ್ ಗಾಳಿಯಲ್ಲಿ 20,000 ಭಾಗಕ್ಕೆ ಒಂದು ಭಾಗ ಮೀರಬಾರದು ಅಂತಿತ್ತು, ಅಂದರೆ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50). ಮನೆಗೆ ಹಾಕೋ ಅಲಾರಂ 70 ಪಿಪಿಎಂ ಇದ್ದರೂ ಒಂದು ಗಂಟೆವರೆಗೆ ಸುಮ್ನೆ ಇರಬಹುದು, ಅದು ವಿಮಾನಕ್ಕೆ ಆಗಿಬರಲ್ಲ. ಅಂಕಿ ತೋರಿಸೋ ಎಲೆಕ್ಟ್ರಾನಿಕ್ ಡಿಟೆಕ್ಟರ್ ತಗೊಳ್ಳಿ. ಬಣ್ಣ ಬದಲಾಗೋ ಚುಕ್ಕೆ ಕಾರ್ಡ್ ಹಳೆಯದಾದರೆ ಕೆಲಸ ಮಾಡಲ್ಲ, ಅದನ್ನ ನಂಬಬೇಡಿ.

ಸೀಲ್ ಬದಲಾಯಿಸೋ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ ರೀಡಿಂಗ್ ನೋಡಿ. ಮೇಲೇರುವಾಗ, ಸಮತಟ್ಟು ಹಾರುವಾಗ, ಹೀಟರ್ ಹಾಕಿ, ಹಾಕದೆ. ಹೀಟರ್ ಹಾಕಿದಾಗ ಮಾತ್ರ ಏರಿದರೆ ತಪ್ಪು ಬಾಗಿಲಿನದ್ದಲ್ಲ, ಎಕ್ಸಾಸ್ಟ್ ಸುತ್ತಲಿನ ಹೀಟರ್ ಕವಚದ ಒಳಗೆ ಮಫ್ಲರ್ ಬಿರುಕು ಬಿಟ್ಟಿರಬಹುದು. ಅಂಥದ್ದು ಕಂಡರೆ ಅದನ್ನ ರಿಪೇರಿ ಮಾಡಿಸೋವರೆಗೂ ಹಾರಬೇಡಿ.

ಮತ್ತೆ ದಪ್ಪ ಸೀಲ್ ಬಗ್ಗೆ ಮೆಕ್ಯಾನಿಕ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಚೆರೋಕಿಯಲ್ಲಿ ದಪ್ಪ ಆದರೆ ಮೇಲಿನ ಲಾಕ್ ಪೂರ್ತಿ ಕೂರಲ್ಲ, ಟೇಕಾಫ್ ಆದ ಮೇಲೆ ಬಾಗಿಲು ತೆರೆದುಕೊಳ್ಳುತ್ತದೆ. ಬರೀ ಎರಡು ಮೂರು ಇಂಚು ತೆರೆದು ಗಾಳಿಗೆ ಅಲ್ಲೇ ನಿಲ್ಲುತ್ತದೆ, ವಿಮಾನ ಹಾರುತ್ತದೆ. ಅಪಾಯ ಆಗೋದು ಸದ್ದಿಗೆ ಗಾಬರಿಯಾಗಿ ಪೈಲಟ್ ಬಾಗಿಲು ಹಿಡಿಯೋಕೆ ಹೋದಾಗ. ಮೊದಲು ವಿಮಾನ ಹಾರಿಸಿ, ಸುತ್ತು ಹಾಕಿ ಇಳಿಸಿ, ಆಮೇಲೆ ಬಾಗಿಲು. ನಿಮ್ಮ ಜೊತೆ ಹಾರುವವರಿಗೂ ಇದನ್ನ ಮೊದಲೇ ಹೇಳಿಡಿ.

ಸದ್ದು ಎಲ್ಲಿಂದ ಅಂತ ತಿಳಿಯೋಕೆ ಹೊರಗಿಂದ ಬಾಗಿಲ ಸುತ್ತ ಟೇಪ್ ಅಂಟಿಸಿ ಹಾರೋದನ್ನ ಕೆಲವರು ಹೇಳಿಕೊಡ್ತಾರೆ. ಬೇಡ. ಅದು ನೀವು ಹೊರಗೆ ಬರೋ ದಾರಿ. ಒಳಗೆ ಕೂತವರೊಬ್ಬರು ಟಿಶ್ಯೂ ಪೇಪರಿನ ತೆಳ್ಳನೆ ಪಟ್ಟಿ ಹಿಡಿದು ಅಂಚಿನ ಗುಂಟ ಓಡಿಸಿದರೆ ಸಾಕು, ಸಂದು ಇರೋ ಕಡೆ ಪಟ್ಟಿ ಹಾರುತ್ತದೆ.

ಸಿಯಾಟಲ್_ಹಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದನ್ನ ಒಂದೊಂದಾಗಿ ಮಾಡಿದ್ವಿ, ಏನಾಯ್ತು ಅಂತ ಬರೀತೀನಿ, ಮುಂದೆ ಹುಡುಕಿಕೊಂಡು ಬರೋರಿಗೂ ಉಪಯೋಗ ಆಗಲಿ.

ಪೈಪ್ ಪರೀಕ್ಷೆಯಲ್ಲಿ ಎಡಗಡೆ ನೀರು ಬಾಗಿಲಿನ ಮೇಲಿನ ಮೂಲೆಯಿಂದಲೇ ಬಂತು, ಅದು ಊಹಿಸಿದ್ದೇ. ಬಲಗಡೆ ಮಾತ್ರ ಬಾಗಿಲಿಗೆ ಎಷ್ಟು ಹೊತ್ತು ನೀರು ಬಿಟ್ಟರೂ ಒಳಗೆ ಒಣ. ರೆಕ್ಕೆ ಬುಡಕ್ಕೆ ಪೈಪ್ ಹಿಡಿದ ಸ್ವಲ್ಪ ಹೊತ್ತಿಗೆ ಗಾಳಿ ಕೊಳವೆಯ ಸುತ್ತ ಹನಿ ಮೂಡಿತು, ಅಲ್ಲಿಂದ ಕಂಬದ ಗುಂಟ ಇಳಿದು, ಪ್ಯಾನೆಲ್ ಹಿಂದೆ ಹೋಗಿ ನೆಲಕ್ಕೆ. ಕಣ್ಣಾರೆ ನೋಡದಿದ್ದರೆ ನಂಬ್ತಿರಲಿಲ್ಲ.

ಎಡ ಬಾಗಿಲಿನ ಹಿಂಜ್ ಪಿನ್ ಸವೆದಿತ್ತು. ನಮ್ಮ ಮೆಕ್ಯಾನಿಕ್ ಬಂದು ಹೊಸದು ಹಾಕಿದರು, ಲಾಕ್ ಹೊಂದಿಸಿದರು. ಸೀಲ್ ಇಲ್ಲದೆಯೇ ಬಾಗಿಲು ಮೈಗೆ ಮೈ ಕೂತಿತು. ಮೇಲಿನ ಮೂಲೆಯ ಸಂದು ಅಷ್ಟಕ್ಕೇ ಅರ್ಧಕ್ಕರ್ಧ ಕಮ್ಮಿ ಆಯ್ತು. ಆಮೇಲೆ ಅವರ ಎದುರಿಗೇ ಸಿಲಿಕೋನ್ ಸೀಲ್ ಹಾಕಿದೆ, ಅವರು ಲಾಗ್‌ಬುಕ್‌ನಲ್ಲಿ ಸಹಿ ಮಾಡಿದರು. ಬಲ ಬಾಗಿಲಿನ ಎರಡು ಪದರ ಕಿತ್ತು ಅದಕ್ಕೂ ಹೊಸದು. ಈಗ ಎರಡು ಬೆರಳಲ್ಲಿ ಮುಚ್ಚುತ್ತದೆ.

ಎಎಂಇ ಸರ್, ನೀವು ಹೇಳಿದ ಫೈಬರ್‌ಗ್ಲಾಸ್ ಹಾಸು ಎತ್ತಿದಾಗ ಅದರಿಂದ ನೀರು ಸುರೀತು. ಕೆಳಗೆ ಪೈಲಟ್ ಸೀಟಿನ ಮುಂದೆ, ಅಂಗೈ ಅಗಲ ಬಿಳಿ ಪುಡಿ. ಮೆಕ್ಯಾನಿಕ್ ನೋಡಿ ಮೇಲ್ಮೈಯದ್ದೇ ಅಂದರು, ತೆಗೆದು ಪ್ರೈಮರ್ ಹೊಡೆದಾಯ್ತು. ಹೊಟ್ಟೆಯ ತೂತು ಎರಡು ಪೂರ್ತಿ ಮುಚ್ಚಿದ್ದವು. ಇನ್ನೂ ಒಂದು ಚಳಿಗಾಲ ಹೀಗೇ ಬಿಟ್ಟಿದ್ದರೆ ಅಂತ ಯೋಚಿಸಿದರೆ ಹೊಟ್ಟೆ ತೊಳೆಸಿದ ಹಾಗಾಗುತ್ತದೆ.

ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ತಂದ್ವಿ. ಮೊದಲು ಮೇಲೇರುವಾಗ ಸ್ವಲ್ಪ ತೋರಿಸ್ತಿತ್ತು, ಸೀಲ್ ಆದ ಮೇಲೆ ಸೊನ್ನೆ. ಹೀಟರ್ ಹಾಕಿದರೂ ಸೊನ್ನೆ.

ಉಳಿದಿರೋದು ಎರಡು. ಗಾಳಿ ಕೊಳವೆ ಹತ್ತಿರದ ಸೋರಿಕೆಗೆ ಏನು ಹಾಕೋದು? ಕಿಟಕಿ ಈಗಲೇ ಮಾಡಿಸಲಾ?

ವಿಚಿಟಾ_ಮೆಕ್ಯಾನಿಕ್:

ತುಂಬಾ ಚೆನ್ನಾಗಿ ಮಾಡಿದ್ದೀರಿ.

ರೆಕ್ಕೆ ಬುಡದ ಮುಚ್ಚುಪಟ್ಟಿ ಬಿಚ್ಚಿ ಒಳಗೆ ಸಂದು ಮುಚ್ಚೋಕೆ ಹಾಕಿದ ಹಳೇ ಸೀಲಂಟ್ ನೋಡಿ. ಒಣಗಿ ಬಿರುಕು ಬಿಟ್ಟಿರುತ್ತದೆ. ಕಿತ್ತು, ಒರೆಸಿ, ವಿಮಾನಕ್ಕೇ ಅಂತ ಇರುವ ಪಾಲಿಸಲ್ಫೈಡ್ ಸೀಲಂಟ್ ಹಾಕಿ. ಪಟ್ಟಿಯ ಅಂಚಿನ ರಬ್ಬರ್ ಕೂಡ ಹೊಸದು ಮಾಡಿ. ಗಾಳಿ ಕೊಳವೆ ಸಲೀಸಾಗಿ ಆಡಬೇಕು, ಅದನ್ನ ಸೇರಿಸಿ ಅಂಟಿಸಿಬಿಡಬೇಡಿ. ಅಲ್ಲಿ ವಿಂಡ್‌ಶೀಲ್ಡಿನ ಮೂಲೆ ಹತ್ತಿರ ಇದೆ, ಒರೆಸೋಕೆ ನಾಫ್ತಾ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಮಾತ್ರ.

ಕಿಟಕಿ ಆನ್ಯುಯಲ್‌ವರೆಗೆ (ವರ್ಷಕ್ಕೊಮ್ಮೆ ಆಗೋ ತಪಾಸಣೆ) ನಿಲ್ಲಲಿ, ಅದು ಬೇರೆಯೇ ಕೆಲಸ. ತೆರೆಯದ ಕಿಟಕಿಗಳನ್ನ ಒಳಗಿಂದ ಪಟ್ಟಿ ಕೂರಿಸಿ ರಿವೆಟ್ ಹೊಡೆದಿರುತ್ತಾರೆ, ಒಂದು ಬದಿ ರಿವೆಟ್ ಡ್ರಿಲ್ ಮಾಡಿ ತೆಗೆಯಬೇಕು. ಅಂಚಿನ ಫೆಲ್ಟ್ ನೀರು ಹಿಡಿದಿಟ್ಟುಕೊಂಡಿರುತ್ತದೆ, ಅದರ ಕೆಳಗಿನ ತಗಡನ್ನೂ ನೋಡಿ ಪ್ರೈಮರ್ ಹೊಡೆದೇ ಹೊಸ ಕಿಟಕಿ ಕೂರಿಸಬೇಕು. ಹೊಸ ಅಕ್ರಿಲಿಕ್ ಚೂರು ದೊಡ್ಡದಾಗೇ ಬರುತ್ತದೆ, ಅಂಚು ಉಜ್ಜಿ ಹೊಂದಿಸುವಾಗ ಬಿಗಿ ಮಾಡಬೇಡಿ. ಬಿಸಿಲಿಗೆ ಅದು ಅಲ್ಯುಮಿನಿಯಂಗಿಂತ ಜಾಸ್ತಿ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಮೂಲೆಯಿಂದ ಬಿರುಕು. ಮಳೆ ಕಳೆದು ಒಣ ದಿನ ಬಂದಾಗ ಮಾಡಿದರೆ ಸೀಲಂಟ್ ಕೂಡ ಚೆನ್ನಾಗಿ ಕೂರುತ್ತದೆ.

ಮತ್ತೆ ಕಾರ್ಪೆಟ್ ಹೇಗೂ ಎತ್ತಿದ್ದೀರಿ. ಸೀಟಿನ ಹಳಿಗಳನ್ನೂ ಈಗಲೇ ನೋಡಿಸಿಬಿಡಿ, ಎಫ್‌ಎಎಯ ಕಡ್ಡಾಯ ಸುರಕ್ಷತಾ ಆದೇಶ, ಎ.ಡಿ. 2011-10-09, ನಿಮ್ಮ ವಿಮಾನಕ್ಕೆ ಅನ್ವಯ ಆಗುತ್ತದೆ. ಹಳಿಯ ತೂತು ಸವೆದಿದೆಯಾ, ಬಿರುಕು ಇದೆಯಾ, ಪಿನ್ ಪೂರ್ತಿ ಒಳಗೆ ಕೂರುತ್ತಾ. ಮೇಲೇರುವಾಗ ಸೀಟ್ ಹಿಂದಕ್ಕೆ ಜಾರಿದರೆ ಕೈಗೆ ಕಂಟ್ರೋಲ್ ಸಿಗಲ್ಲ. ಬಯಲಲ್ಲಿ ನಿಲ್ಲೋ ವಿಮಾನ ಅಂದಮೇಲೆ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗ್ಯಾಸ್ಕೆಟ್ ಕೂಡ ನೋಡಿ, ಬಾಗಿಲಿನ ವಯಸ್ಸೇ ಅದಕ್ಕೂ ಆಗಿರುತ್ತದೆ.

ಸಿಯಾಟಲ್_ಹಕ್ಕಿ:

ಮುಚ್ಚಳದ ಗ್ಯಾಸ್ಕೆಟ್ ನೋಡಿರಲಿಲ್ಲ ಸರ್. ನಾಳೆ ಬೆಳಗ್ಗೆಯೇ ಹೋಗಿ ನೋಡ್ತೀನಿ, ಪೆಟ್ರೋಲಿಗೆ ನೀರು ಸೇರಿದೆಯಾ ಅಂತ ಟ್ಯಾಂಕ್ ಕೆಳಗಿಂದ ಸ್ಯಾಂಪಲ್ ಕೂಡ ತೆಗೀತೀನಿ. ಸೀಟಿನ ಹಳಿಗೆ ಮೆಕ್ಯಾನಿಕ್‌ಗೆ ಮೆಸೇಜ್ ಹಾಕಿದ್ದೇನೆ, ಕಾರ್ಪೆಟ್ ಅಲ್ಲಿವರೆಗೂ ಹಾಕಲ್ಲ.